ಕಮಲಾಂಬ ಟಾಕೀಸಿನ ಮೂರನೆಯ ಬೆಲ್

ಮಾನ್ಯ ಓದುಗರಲ್ಲಿ ಮೊದಲಿಗೇ ಒಂದು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ. ದೆವ್ವ, ಗಾಳಿ, ಶಕುನ ಮುಂತಾದವುಗಳಲ್ಲಿ ನನಗೆ ಯಾವ ಕಾಲಕ್ಕೂ ನಂಬಿಕೆ ಇರಲಿಲ್ಲ. ನಾಲ್ಕು ದಶಕಗಳ ಕಾಲ ಒಂದೇ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕಡತದಲ್ಲಿ ಇಲ್ಲದ ಸಂಗತಿ ನಡೆದೇ ಇಲ್ಲವೆಂದು ತಿಳಿಯುವುದು ನನ್ನ ಅಭ್ಯಾಸ. ಈ ಅಭ್ಯಾಸದಿಂದಾಗಿ ನನ್ನ ತಂದೆಯವರು ಹೇಳಿದ ಒಂದು ಮಾತನ್ನು ಅವರು ಬದುಕಿರುವವರೆಗೂ ನಾನು ನಂಬಲಿಲ್ಲ. ಈಗ್ಗೆ ನಾಲ್ಕು ವರ್ಷಗಳ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಕೆಂಗೇರಿಯ ಕಮಲಾಂಬ ಟಾಕೀಸಿನ ಖಾಲಿ ಕಟ್ಟಡದಲ್ಲಿ ನಡೆದ ಘಟನೆಯನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಕಚೇರಿ ಪತ್ರಗಳ ಹೊರತು ಈವರೆಗೆ ಏನನ್ನೂ ಬರೆದವನಲ್ಲ. ಭಾಷೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಸಿಟ್ಟು ಕಂಡುಬಂದರೆ ಮನ್ನಿಸಬೇಕಾಗಿಲ್ಲ. ಅದು ಇರಲೆಂದೇ ಬಿಟ್ಟಿದ್ದೇನೆ.

ಘಟನೆ ಅರ್ಥವಾಗಬೇಕಾದರೆ ಸದರಿ ಟಾಕೀಸಿನ ಚರಿತ್ರೆ ಸ್ವಲ್ಪ ತಿಳಿದಿರಬೇಕು. ಕೆಂಗೇರಿ ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ, ಮೆಟ್ರೊ ಬಂದಿದೆ. ನಮ್ಮ ಬಾಲ್ಯದಲ್ಲಿ ಅದೊಂದು ಸಣ್ಣ ಊರು. ಬೆಂಗಳೂರಿಗೆ ಹೊರಟವರು 'ಪ್ಯಾಟೆಗೆ ಹೋಗ್ಬರ್ತೀನಿ' ಎಂದು ಹೇಳಿ ಹೊರಡುತ್ತಿದ್ದರು. ಆ ಊರಿನ ಅಂಚಿನಲ್ಲಿ ಕಮಲಾಂಬ ಟಾಕೀಸು ಮೊದಲು ಒಂದು ಡೇರೆಯಾಗಿತ್ತು. ಒಂದೇ ಯಂತ್ರ, ಪ್ರತಿ ರೀಲು ಮುಗಿದಾಗಲೂ ದೀಪ ಹಾಕಬೇಕು. ನೆಲದ ಟಿಕೆಟ್ಟಿನವರು ಮರಳನ್ನು ಗುಪ್ಪೆ ಮಾಡಿಕೊಂಡು ಅದರ ಮೇಲೆ ಕೂರುವರು, ಹಿಂದಿನವರು ತಲೆ ಅಡ್ಡ ಬಂತೆಂದು ಬಯ್ಯುವರು. ಆಟಕ್ಕೆ ಮುನ್ನ ಕಂಬದ ಮೇಲಿನ ಸ್ಪೀಕರಿನಲ್ಲಿ ದೇವರ ಹಾಡು ಹಾಕಿದರೆ ಕೆರೆ ಏರಿಯ ಆಚೆಯವರೆಗೂ ಕೇಳುತ್ತಿತ್ತು. ಮಲ್ಲತ್ತಹಳ್ಳಿಯ ಕಡೆಯಿಂದ ಲಾಟೀನು ಹಿಡಿದು ಬರುವವರು ಹಾಡು ಮುಗಿಯುವುದರೊಳಗೆ ತಲುಪಬೇಕೆಂದು ಓಡುತ್ತಿದ್ದರೆಂದು ನನ್ನ ತಾಯಿ ಹೇಳುತ್ತಿದ್ದರು.

ಡೇರೆ ಹೋಗಿ ಕಟ್ಟಡ ಬಂದದ್ದು ನನಗೆ ನೆನಪಿದೆ. ಎರಡು ಯಂತ್ರ, ಬಾಲ್ಕನಿ, ನಾರಿನ ಹಲಗೆಯ ಒಳಚಾವಣಿ, ಎಡಕ್ಕೊಂದು ಬಲಕ್ಕೊಂದು ಪಕ್ಕದ ಬಾಗಿಲು. ನನ್ನ ತಂದೆ ನಂಜುಂಡಯ್ಯನವರು ಡೇರೆಯಲ್ಲಿ ರೀಲು ಸುತ್ತುತ್ತಿದ್ದವರು, ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದು ಆಪರೇಟರಾದರು. ಊರಿನಲ್ಲಿ ಅವರನ್ನು ಆಪರೇಟರ್ ನಂಜುಂಡಣ್ಣ ಎಂದೇ ಕರೆಯುತ್ತಿದ್ದರು. ಮದುವೆ ಮನೆಯಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈಗ ಬೆಲ್ಲಿನ ವಿಚಾರ. ಮಹಡಿಯ ಮೇಲಿದ್ದ ಯಂತ್ರದ ಕ್ಯಾಬಿನ್ನಿನಲ್ಲಿ ಒಂದು ಗುಂಡಿ, ಕೆಳಗೆ ಎಡಬಾಗಿಲ ಹೊರಗಿನ ವರಾಂಡದಲ್ಲಿ ಗೇಟ್‌ಕೀಪರ್ ಮರಿಯಪ್ಪನವರ ಸ್ಟೂಲಿನ ಮೇಲೆ ಒಂದು ಬೆಲ್. ಒಂದು ಸಲ ಬಾರಿಸಿದರೆ ಆಟ ಶುರು, ಬಾಗಿಲು ಹಾಕು ಎಂದು ಅರ್ಥ. ಎರಡು ಸಲ ಬಾರಿಸಿದರೆ ಇಂಟರ್ವಲ್, ಬಾಗಿಲು ತೆಗೆ ಎಂದು. ಮೂರು ಸಲ ಉದ್ದಕ್ಕೆ ಬಾರಿಸಿದರೆ ಅಪಾಯ, ಎಲ್ಲ ಬಾಗಿಲನ್ನೂ ಒಡನೆಯೇ ತೆಗೆ ಎಂದು. ಕರೆಂಟ್ ಹೋದರೂ ಕೆಲಸ ಮಾಡಲೆಂದು ಅದನ್ನು ಬ್ಯಾಟರಿ ಸೆಲ್ಲುಗಳ ಮೇಲೆ ನಡೆಸುತ್ತಿದ್ದರು. ಸೆಲ್ಲು ಬದಲಾಯಿಸುವುದು ತಂದೆಯವರ ಕೆಲಸ. ಅದರಲ್ಲಿ ಅವರು ಒಂದು ದಿನವೂ ತಪ್ಪಿದವರಲ್ಲ. ಟಿಕೆಟ್ ಇಲ್ಲದವರು ನುಸುಳದಂತೆ ಆಟ ನಡೆಯುವಾಗ ಪಕ್ಕದ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿರುತ್ತಿದ್ದರು. ಬೀಗದಕೈ ಗೊಂಚಲು ಮರಿಯಪ್ಪನವರ ಸೊಂಟದಲ್ಲಿ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಹೊಸ ಚಿತ್ರ ಬಂದ ಮೊದಲ ಶುಕ್ರವಾರ ಟಾಕೀಸಿನ ಯಜಮಾನರ ಕೋಣೆಯಲ್ಲಿ ಪೂಜೆ. ದೇವರ ಪಟದ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಮೊದಲ ರೀಲಿನ ಡಬ್ಬ, ಟಿಕೆಟ್ ಪುಸ್ತಕ, ಬಾಗಿಲುಗಳ ಬೀಗದಕೈ ಗೊಂಚಲು ಇವಿಷ್ಟನ್ನೂ ಇಟ್ಟು ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದರು. ಆರತಿಯಾದ ಮೇಲೆ ಎಲ್ಲವನ್ನೂ ಅವರವರಿಗೆ ಹಿಂದಿರುಗಿಸುತ್ತಾರೆಂದೇ ನಾವೆಲ್ಲರೂ ತಿಳಿದಿದ್ದೆವು.

ನನಗೆ ಹದಿನೆಂಟು ವರ್ಷವಾಗಿದ್ದಾಗ, ಅಂಥದೇ ಒಂದು ಮೊದಲ ಶುಕ್ರವಾರದ ಮ್ಯಾಟಿನಿಯಲ್ಲಿ, ಕ್ಯಾಬಿನ್ನಿನ ಹಿಂದಿನ ವೈರಿಂಗಿಗೆ ಬೆಂಕಿ ಬಿದ್ದು ಒಳಚಾವಣಿಗೆ ಹತ್ತಿತು. ಜನ ಮುಂಬಾಗಿಲೊಂದರ ಕಡೆಗೇ ನುಗ್ಗಿದರು. ಪಕ್ಕದ ಬಾಗಿಲುಗಳು ತೆರೆದದ್ದು ತೀರಾ ತಡವಾಗಿ, ಅದೂ ಬೀದಿಯ ಜನ ಹಾರೆ ತಂದು ಮೀಟಿದಾಗ ಎಂದು ಕೆಲವರು ಹೇಳಿದರು, ಮರಿಯಪ್ಪ ತೆಗೆದಾಗ ಎಂದು ಟಾಕೀಸಿನವರು ಹೇಳಿದರು. ಬಾಪೂಜಿ ನಗರದಿಂದ ನೆಂಟರ ಮನೆಗೆಂದು ಬಂದಿದ್ದ ಒಬ್ಬ ಗೃಹಿಣಿ ನೂಕುನುಗ್ಗಲಿನಲ್ಲಿ ಸಿಕ್ಕಿ ತೀರಿಕೊಂಡರು.

ವಿಚಾರಣೆಯಲ್ಲಿ ಮರಿಯಪ್ಪ ಕೊಟ್ಟ ಹೇಳಿಕೆ ಎರಡೇ ಮಾತು. ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಬೆಲ್ ಬಾರಿಸಲಿಲ್ಲ. ಇದರಿಂದ ತಂದೆಯವರು ಬೀಡಿ ಸೇದಲು ಕ್ಯಾಬಿನ್ ಬಿಟ್ಟು ಹೋಗಿದ್ದರೆಂದು ತೀರ್ಮಾನವಾಯಿತು. ಲೈಸೆನ್ಸ್ ಹೋಯಿತು. ತಂದೆಯವರ ಬಲ ಅಂಗೈಯಲ್ಲಿ ಸುಟ್ಟ ಗಾಯವಿತ್ತು. ಆ ಅಂಗೈಯನ್ನು ತೋರಿಸಿ ಅವರು ನಮಗೆ ಹೇಳಿದ್ದಿಷ್ಟು: "ಮೂರ್ ಸಲ ಹೊಡ್ದೆ ಕಣೋ. ಮೂರ್ನೇದು ಪೂರ್ತಿ ಒತ್ತಕ್ಕಾಗ್ಲಿಲ್ಲ. ಕೈ ಸುಟ್ಟೋಯ್ತು, ಅರ್ಧಕ್ಕೇ ಬಿಟ್ಬಿಟ್ಟೆ."

ನಾನು ನಂಬಲಿಲ್ಲ. ಬೆಂಕಿ ಆರಿಸುವಾಗ ಕೈ ಸುಟ್ಟಿರಬಹುದು ಎಂದುಕೊಂಡೆ. ಆಪರೇಟರ್ ಬೆಲ್ ಹೊಡೆದಿದ್ದನೆಂದು ಊರಿನವರು ನಂಬದಿದ್ದರೆ ಅದಕ್ಕೆ ಅವರ ಕಾರಣಗಳಿದ್ದವು. ಮಗನಾದ ನನಗೆ ಏನು ಕಾರಣವಿತ್ತೆಂದು ಇಂದಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ.

ತಂದೆಯವರು ಬಿನ್ನಿಪೇಟೆಯ ಒಂದು ಗೋಡೌನಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿದರು. ಮೈಸೂರು ರಸ್ತೆಯ ಬಸ್ಸು ಬಾಪೂಜಿ ನಗರದ ನಿಲ್ದಾಣದಲ್ಲಿ ನಿಂತಾಗಲೆಲ್ಲ ಅವರು ತಲೆ ತಗ್ಗಿಸಿ ಕೂರುತ್ತಿದ್ದರು. ಬಸ್ಸು ಹೊರಟ ಮೇಲೆಯೇ ತಲೆ ಎತ್ತುವುದು. ಅವರ ಜೊತೆ ಪ್ರಯಾಣ ಮಾಡುವುದು ನನಗೆ ನಾಚಿಕೆಯಾಗುತ್ತಿತ್ತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಮರುವರ್ಷ ಯಜಮಾನರಿಂದ ಒಂದು ಸುದ್ದಿ ಬಂತು. ನಮ್ಮ ಊರಿನ ಸಹಕಾರ ಸಂಘಕ್ಕೆ ಅವರೇ ಅಧ್ಯಕ್ಷರು. ನಂಜುಂಡಯ್ಯ ತಪ್ಪೊಪ್ಪಿಗೆ ಬರೆದುಕೊಟ್ಟರೆ ಅವನ ಮಗನಿಗೆ ಗುಮಾಸ್ತೆ ಕೆಲಸ ಕೊಡುವುದಾಗಿ ತಿಳಿಸಿದ್ದರು. ಆ ತಪ್ಪೊಪ್ಪಿಗೆಯನ್ನು ನಾನು ಬರೆದೆ. ಕಚೇರಿಯ ಭಾಷೆಯಲ್ಲಿ ನಾನು ಬರೆದ ಮೊಟ್ಟಮೊದಲ ಪತ್ರ ಅದು. 'ಮಾನ್ಯರೇ, ನನ್ನ ಅಜಾಗರೂಕತೆಯಿಂದಲೂ ಕರ್ತವ್ಯಲೋಪದಿಂದಲೂ' ಎಂದು ಆರಂಭಿಸಿದ್ದೆ. ಅಕ್ಷರ ದುಂಡಗಾಗಲೆಂದು ಮೂರು ಸಲ ಹೊಸ ಹಾಳೆ ತೆಗೆದುಕೊಂಡೆ. ಸಂಜೆ ತಂದೆಯವರ ಮುಂದಿಟ್ಟು ಒಂದು ಸಹಿ ಹಾಕಬೇಕೆಂದು ಕೇಳಿದೆ.

"ಏನ್ ಬರ್ದಿದೀಯ, ಓದು" ಎಂದರು.

ಓದಿದೆ. ಅವರು ಕೊನೆಯವರೆಗೂ ಕೇಳಿದರು.

"ಚೆನ್ನಾಗ್ ಬರ್ದಿದೀಯ ಕಣೋ. ಬೆಲ್ ಹೊಡ್ದೆ ಅನ್ನೋದೊಂದು ಬಿಟ್ಟೋಗಿದೆ."

"ಅದನ್ನ ಸೇರ್ಸಿದ್ರೆ ಕೆಲ್ಸ ಸಿಗಲ್ಲಪ್ಪ" ಎಂದೆ.

ಅವರು ಆ ಸುಟ್ಟ ಕೈಯಲ್ಲೇ ಪೆನ್ನು ಹಿಡಿದು ಸಹಿ ಹಾಕಿದರು. ಮುಂದಿನ ಸೋಮವಾರ ನಾನು ಕೆಲಸಕ್ಕೆ ಸೇರಿದೆ. ಹನ್ನೊಂದು ವರ್ಷಗಳ ನಂತರ ತಂದೆಯವರು ತೀರಿಕೊಂಡರು. ಈ ಹನ್ನೊಂದು ವರ್ಷಗಳಲ್ಲಿ ಅವರು ಬೆಲ್ಲಿನ ಮಾತು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಟಾಕೀಸು ರಿಪೇರಿಯಾಗಿ ಮತ್ತೆ ನಡೆಯಿತು. ಮನೆಮನೆಗೆ ಟಿವಿ ಬಂದಾಗ ಸ್ವಲ್ಪ ಕುಗ್ಗಿತು. ಮಾಲುಗಳು ಎದ್ದ ಮೇಲೆ ದಿನಕ್ಕೆ ನಾಲ್ಕು ಆಟ ಎರಡಾಗಿ, ಎರಡು ಒಂದಾಗಿ, ಕೊನೆಗೆ ಒಂದೂ ಇಲ್ಲವಾಯಿತು. ಕೆಲವು ವರ್ಷ ಟೈಲ್ಸ್ ಗೋಡೌನಾಗಿತ್ತು. ಯಂತ್ರಗಳು ಗುಜರಿಗೆ ಹೋದವು. ಯಜಮಾನರು ಕಾಲವಾದ ನಂತರ ಅವರ ಮಗ ಗಿರೀಶ್ ಅವರು ಕಟ್ಟಡ ಕೆಡವಿ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ನಿಶ್ಚಯಿಸಿದರು. ಅದಕ್ಕೂ ಕಮಲಾಂಬ ಎಂದೇ ಹೆಸರು. ಬುಕಿಂಗ್ ಆರಂಭದ ದಿನ ಹಂಚಲು ಟಾಕೀಸಿನ ಚರಿತ್ರೆಯ ಒಂದು ಸ್ಮರಣಿಕೆ ತರಬೇಕೆಂದೂ, ಅದನ್ನು ನಾನು ಬರೆದುಕೊಡಬೇಕೆಂದೂ ಅವರು ನನ್ನ ಮನೆಗೇ ಬಂದು ಕೇಳಿದರು. ನಾನು ನಿವೃತ್ತನಾಗಿ ಎರಡು ತಿಂಗಳಾಗಿತ್ತು.

ಒಪ್ಪಿಕೊಂಡೆ. ಕಾರಣ ಒಂದೇ. ಆ ಚರಿತ್ರೆಯಲ್ಲಿ ತಂದೆಯವರ ಹೆಸರು ಗೌರವದಿಂದ ಬರಬೇಕೆಂಬ ಆಸೆ. ಡೇರೆಯ ದಿನದಿಂದ ದುಡಿದ ಆಪರೇಟರ್ ಎಂದು ಒಂದು ಸಾಲು, ಒಂದು ಭಾವಚಿತ್ರ, ಅಷ್ಟು ಸಾಕಾಗಿತ್ತು. ಬೆಂಕಿಯ ವಿಷಯವನ್ನು ಗಿರೀಶ್ ಅವರೂ ಬಯಸಲಾರರು, ನಾನೂ ಬರೆಯುವುದಿಲ್ಲ, ಹೀಗೆ ಇಬ್ಬರಿಗೂ ಅನುಕೂಲವೆಂದು ಲೆಕ್ಕ ಹಾಕಿದ್ದೆ. ಹದಿನೆಂಟು ಪುಟ ಬರೆದೆ. ಭಾವಚಿತ್ರವನ್ನೂ ಹುಡುಕಿ ತೆಗೆದಿಟ್ಟೆ.

ಕಟ್ಟಡ ಕೆಡವುವ ಹಿಂದಿನ ವಾರ, ಶುಕ್ರವಾರ ಎರಡು ಗಂಟೆಗೆ, ಫೋಟೊ ತೆಗೆಯುವುದಿದೆ ಬನ್ನಿ ಎಂದು ಗಿರೀಶ್ ಕರೆದರು. ಹೋದಾಗ ಮರಿಯಪ್ಪನವರೂ ಬಂದಿದ್ದರು. ಎಂಬತ್ತು ಸಮೀಪಿಸಿದ ಮುದುಕರು, ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಅವರನ್ನು ಹಳೆಯ ಜಾಗದಲ್ಲಿ, ಎಡಬಾಗಿಲ ಹೊರಗೆ, ಬೆಲ್ಲಿನ ಕೆಳಗೆ ಸ್ಟೂಲು ಹಾಕಿ ಕೂರಿಸಿದ್ದರು. ಕೆಲಸಗಾರರು ಇನ್ನೂ ಬಂದಿರಲಿಲ್ಲ. ಇಡೀ ಕಟ್ಟಡದಲ್ಲಿ ನಾವು ಮೂವರೇ. ಮರಿಯಪ್ಪನವರಿಗೂ ನನಗೂ ನಲವತ್ತು ವರ್ಷಗಳಿಂದ ಮಾತಿರಲಿಲ್ಲ. ಅವರು ನನ್ನನ್ನು ನೋಡಿ ಕೈ ಮುಗಿದರು, ನಾನು ಬೇರೆಡೆ ನೋಡಿದೆ.

ಗಿರೀಶ್ ಎರಡು ಫೋಟೊ ತೆಗೆದು, ಚೀಲದಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆಯನ್ನು ತೆಗೆದು ನನ್ನ ಕೈಗಿತ್ತರು. ನೋಡಿದರೆ ಅದೇ ಪತ್ರ. ಮಾನ್ಯರೇ, ನನ್ನ ಅಜಾಗರೂಕತೆಯಿಂದಲೂ ಕರ್ತವ್ಯಲೋಪದಿಂದಲೂ. ದುಂಡಗಿನ ನನ್ನ ಅಕ್ಷರ, ಕೆಳಗೆ ತಂದೆಯವರ ಓರೆ ಸಹಿ.

"ಇದನ್ನ ಫುಲ್ ಪೇಜ್ ಹಾಕೋಣ ಸಾರ್" ಎಂದರು ಗಿರೀಶ್. "ನಿಮ್ ತಂದೇವ್ರದ್ದು, ಬೇಜಾರ್ ಮಾಡ್ಕೋಬೇಡಿ. ಇಲ್ಲೊಂದು ಸಾವಾಗಿದೆ, ಜಾಗ ಸರಿ ಇಲ್ಲ ಅಂತ ಬುಕಿಂಗ್‌ನೋರು ಹಿಂದೆ ಸರೀತಾ ಇದಾರೆ. ಜಾಗದ ದೋಷ ಅಲ್ಲ, ಮನುಷ್ಯನ ದೋಷ ಅಂತ ಗೊತ್ತಾದ್ರೆ ಸಾಕು. ಎಷ್ಟು ನೀಟಾಗಿ ಒಪ್ಕೊಂಡಿದಾರೆ ನೋಡಿ."

ಆ ಕ್ಷಣ ನನಗೆ ಬಂದ ಸಿಟ್ಟನ್ನು ವಿವರಿಸಲು ನನ್ನಲ್ಲಿ ತಕ್ಕ ಪದಗಳಿಲ್ಲ. ಮೂವತ್ತು ವರ್ಷಗಳ ಹಿಂದೆ ಸತ್ತ ಮನುಷ್ಯನ ಮಾನವನ್ನು ಫ್ಲ್ಯಾಟು ಮಾರಲು ಬಳಸುತ್ತಿದ್ದಾರೆ. ನೀಟಾಗಿ ಎಂಬ ಮಾತು ನನಗೇ ಸಲ್ಲಬೇಕಾದದ್ದು ಎಂದು ತಿಳಿದು ಸಿಟ್ಟು ಇಮ್ಮಡಿಸಿತು. ಪತ್ರವನ್ನು ಹರಿಯಬೇಕೆಂದುಕೊಂಡೆ, ಪ್ಲಾಸ್ಟಿಕ್ ಹೊದಿಸಿದ್ದರಿಂದ ಹರಿಯಲು ಬರಲಿಲ್ಲ.

ಆಗ ಬೆಲ್ ಬಾರಿಸಿತು.

ನಾನು ಇದನ್ನು ಜಾಗರೂಕತೆಯಿಂದ ಬರೆಯುತ್ತಿದ್ದೇನೆ. ಮರಿಯಪ್ಪನವರ ತಲೆಯ ಮೇಲಿದ್ದ ಆ ಬೆಲ್ ಉದ್ದಕ್ಕೆ ಒಂದು ಸಲ ಬಾರಿಸಿ ನಿಂತಿತು. ಮತ್ತೆ ಉದ್ದಕ್ಕೆ ಒಂದು ಸಲ. ಮೂರನೆಯದು ಶುರುವಾಯಿತು, ಅರ್ಧಕ್ಕೇ ಕತ್ತರಿಸಿದಂತೆ ನಿಂತಿತು.

ಮರಿಯಪ್ಪನವರ ಕೋಲು ಬಿದ್ದ ಸದ್ದು ಕೇಳಿತು. ಒಂದೊಂದೇ ಹೆಜ್ಜೆ ಇಡುತ್ತಿದ್ದ ಆ ಮನುಷ್ಯ ಸ್ಟೂಲಿನಿಂದ ಎದ್ದು ಎಡಬಾಗಿಲಿಗೆ ಓಡಿದರು. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ, ಓಡಿದರು. ಎಡಗೈಯಿಂದ ಬಾಗಿಲ ಚಿಲಕ ಹಿಡಿದು ಬಲಗೈಯಿಂದ ಸೊಂಟ ತಡಕಿದರು. ಪಂಚೆಯ ಅಂಚಿನುದ್ದಕ್ಕೂ ತಡಕಿದರು. ಸೊಂಟದಲ್ಲಿ ಏನೂ ಇರಲಿಲ್ಲ. ಅಲ್ಲಿಂದ ತಿರುಗಿ, ಯಜಮಾನರ ಕೋಣೆಯಿದ್ದ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ಗಿರೀಶ್ ಅವರ ತೋಳು ಹಿಡಿದುಕೊಂಡರು.

"ಯಜಮಾನ್ರೇ, ಬೀಗದ್ ಕೈ ಕೊಡಿ. ದೇವ್ರು ಏನೂ ಅನ್ನಲ್ಲ, ಕೊಡಿ."

ಗಿರೀಶ್ ತೋಳು ಬಿಡಿಸಿಕೊಂಡರು. "ಏನಾಯ್ತಯ್ಯಾ ನಿಂಗೆ? ಯಾವ್ ಬೀಗ? ಬಾಗ್ಲು ತೆಗ್ದೇ ಇದೆಯಲ್ಲ."

ನಿಜ, ಬಾಗಿಲು ತೆರೆದೇ ಇತ್ತು. ಬಿಸಿಲು ಒಳಗಿನ ನೆಲದವರೆಗೂ ಬಿದ್ದಿತ್ತು. ಬೆಲ್ ಕೇಳಿಸಲಿಲ್ಲವೇ ಎಂದು ಗಿರೀಶ್ ಅವರನ್ನು ಕೇಳಿದೆ. ಯಾವ ಬೆಲ್ ಎಂದು ಅವರು ನನ್ನನ್ನೇ ಕೇಳಿದರು. ಅವರ ಮುಖದಲ್ಲಿ ಕಪಟ ಕಾಣಲಿಲ್ಲ. ಅವರ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ ಇದನ್ನು ಒಪ್ಪಬೇಕು.

ಮರಿಯಪ್ಪನವರು ಅಲ್ಲೇ ನೆಲದ ಮೇಲೆ ಕುಸಿದು ಕುಳಿತಿದ್ದರು. ಏದುಸಿರು ಬಿಡುತ್ತಿದ್ದರು. ನಾನು ಬಗ್ಗಿ, ನಿಮಗೆ ಕೇಳಿಸಿತೇ ಎಂದೆ.

"ಹೊಡೀತು ಕಣಪ್ಪ" ಎಂದರು. "ಅವತ್ತೂ ಹಿಂಗೇ ಹೊಡೀತು. ಮೂರ್ನೇದು ಅರ್ಧಕ್ಕೇ ನಿಂತೋಯ್ತು, ಅವತ್ತಿನ್ ಥರಾನೇ."

ಮೂರನೆಯ ಬೆಲ್ ಅರ್ಧಕ್ಕೇ ನಿಂತ ವಿಷಯವನ್ನು ತಂದೆಯವರು ನಮ್ಮ ಮನೆಯೊಳಗೆ ಮಾತ್ರ ಹೇಳಿದ್ದರು. ವಿಚಾರಣೆಯಲ್ಲಿ ಅದನ್ನು ಹೇಳುವ ಅವಕಾಶವೇ ಅವರಿಗೆ ಸಿಕ್ಕಿರಲಿಲ್ಲ. ಕೇಳಿದ್ದ ನನ್ನ ತಾಯಿಯೂ ಆ ವೇಳೆಗೆ ಇರಲಿಲ್ಲ. ಆ ಮಾತು ನನ್ನೊಬ್ಬನ ತಲೆಯಲ್ಲಿತ್ತು, ಮತ್ತು ಈಗ ತಿಳಿದ ಹಾಗೆ, ಮರಿಯಪ್ಪನವರ ಕಿವಿಯಲ್ಲಿತ್ತು.

ಆಮೇಲೆ ಅವರು ಹೇಳಿದ್ದನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ಮೊದಲ ಶುಕ್ರವಾರದ ಪೂಜೆಯ ನಂತರ ಬೀಗದಕೈಗಳನ್ನು ಹಿಂದಿರುಗಿಸುವ ಪದ್ಧತಿಯೇ ಇರಲಿಲ್ಲ. ಮೊದಲ ಆಟ ಮುಗಿಯುವವರೆಗೆ ಅವು ತಟ್ಟೆಯಿಂದ ಕದಲಬಾರದು, ಕದಲಿದರೆ ಆ ಚಿತ್ರ ನಿಲ್ಲುವುದಿಲ್ಲ ಎಂಬುದು ಹಿರಿಯ ಯಜಮಾನರ ನಂಬಿಕೆ. ಇಂಟರ್ವಲ್‌ನಲ್ಲಿಯೂ ಆ ದಿನ ಮುಂಬಾಗಿಲೊಂದನ್ನೇ ತೆರೆಯುತ್ತಿದ್ದರು. ಬೆಂಕಿಯ ದಿನ ಬೆಲ್ ಕೇಳಿದೊಡನೆ ಮರಿಯಪ್ಪ ಯಜಮಾನರ ಕೋಣೆಗೆ ಓಡಿದರು. ಕೋಣೆಗೆ ಬೀಗ ಬಿದ್ದಿತ್ತು. ಯಜಮಾನರು ಊಟಕ್ಕೆ ಮನೆಗೆ ಹೋಗಿದ್ದರು. ಕಿಟಕಿಯಿಂದ ನೋಡಿದರೆ ದೇವರ ಮುಂದೆ, ಕುಂಕುಮ ಹಚ್ಚಿದ ಗೊಂಚಲು ಕಾಣುತ್ತಿತ್ತು. ಕೈಗೆ ಎಟುಕುತ್ತಿರಲಿಲ್ಲ. ಬೀದಿಯವರು ಹಾರೆ ತಂದು ಮೀಟಿದ ಬೀಗಗಳನ್ನು ಯಜಮಾನರು ಅದೇ ಸಂಜೆ ಕೆರೆಗೆ ಎಸೆಸಿದರು, ಕೆಲಸ ಉಳಿಯಬೇಕಾದರೆ ಬೆಲ್ ಬಾರಿಸಲಿಲ್ಲವೆಂದು ಹೇಳು ಎಂದರು.

ಗಿರೀಶ್ ಇದೆಲ್ಲವನ್ನೂ ನಿಂತು ಕೇಳಿದರು. "ಬಿಸ್ಲು ಹತ್ತಿದೆ ಸಾರ್ ಮುದುಕ್ರಿಗೆ. ಏನೇನೋ ಮಾತಾಡ್ತಾ ಇದಾರೆ" ಎಂದು ನನ್ನ ಕೈಯಿಂದ ಪತ್ರವನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಇಲ್ಲದ ಬೆಲ್ ಕೇಳಿಸಿಕೊಳ್ಳುವುದು ಮೂಢನಂಬಿಕೆಯೆಂದೂ, ಓದಿದ ನಾನು ಅದಕ್ಕೆ ಸೊಪ್ಪು ಹಾಕಬಾರದೆಂದೂ ಬುದ್ಧಿ ಹೇಳಿದರು. ದೇವರ ತಟ್ಟೆಯಲ್ಲಿ ಜನರ ಜೀವವನ್ನು ಬೀಗ ಹಾಕಿಟ್ಟ ಮನೆತನದವರು ನನಗೆ ಮೂಢನಂಬಿಕೆಯ ಪಾಠ ಹೇಳಿದರು. ನಾನು ಅವರಿಗೆ ಏನೆಂದೆನೆಂಬುದನ್ನು ಇಲ್ಲಿ ಬರೆಯಲಾರೆ. ಅದು ಅಚ್ಚಿಗೆ ಯೋಗ್ಯವಾದ ಭಾಷೆಯಲ್ಲ. ನನ್ನ ಹದಿನೆಂಟು ಪುಟ ಕೊಡುವುದಿಲ್ಲವೆಂದು ಹೇಳಿದೆ.

ಗಿರೀಶ್ ಹೊರಟುಹೋದ ಮೇಲೆ, ಮರಿಯಪ್ಪನವರನ್ನು ನೆರಳಿನಲ್ಲಿ ಕೂರಿಸಿ, ಸ್ಟೂಲು ಹತ್ತಿ ಬೆಲ್ಲನ್ನು ಪರಿಶೀಲಿಸಿದೆ. ವೈರು ಗೋಡೆಯ ಬಳಿಯೇ ಕತ್ತರಿಸಿಹೋಗಿತ್ತು. ಸೆಲ್ಲಿನ ಡಬ್ಬ ಖಾಲಿ, ಒಳಗೆ ತುಕ್ಕು. ಇದಕ್ಕಿಂತ ಮುಖ್ಯವಾಗಿ, ಬಡಿಯುವ ಸುತ್ತಿಗೆಗೂ ಗಂಟೆಯ ಬಟ್ಟಲಿಗೂ ನಡುವೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಗೂಡು ಒಣಗಿ ಕಲ್ಲಿನಂತಾಗಿತ್ತು. ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಆ ಸುತ್ತಿಗೆ ಕೂದಲೆಳೆಯಷ್ಟು ಅಲುಗಿದ್ದರೂ ಗೂಡು ಒಡೆಯಬೇಕಾಗಿತ್ತು. ಮಹಡಿಯ ಕ್ಯಾಬಿನ್ನಿಗೂ ಹೋಗಿ ನೋಡಿದೆ. ಗುಂಡಿ ಇದ್ದ ಜಾಗದಲ್ಲಿ ಗೋಡೆಯ ತೂತು ಮಾತ್ರ ಇತ್ತು. ನೆಲದ ಧೂಳಿನಲ್ಲಿ ಪಾರಿವಾಳದ ಹೆಜ್ಜೆಗಳಿದ್ದವು, ಮನುಷ್ಯನವು ನನ್ನವೇ ಮೊದಲು.

ಗುಮಾಸ್ತನ ಬುದ್ಧಿ ಸುಮ್ಮನಿರಲಿಲ್ಲ. ಮರುದಿನ ಅದೇ ಹೊತ್ತಿಗೆ ಆ ಬೀದಿಗೆ ಹೋಗಿ ನಿಂತೆ. ಹತ್ತಿರದ ಶಾಲೆಯಲ್ಲಿ ಬಾರಿಸುವುದು ಕಬ್ಬಿಣದ ತುಂಡನ್ನು, ಆ ಸದ್ದೇ ಬೇರೆ. ಮೆಟ್ರೊ ಹೋಗುವ ಸದ್ದು ಉದ್ದಕ್ಕೆ ಹರಿಯುತ್ತದೆ, ಹೀಗೆ ಮೂರು ಭಾಗವಾಗಿ ಕತ್ತರಿಸುವುದಿಲ್ಲ. ಸಿಟ್ಟಿನಲ್ಲಿ ನನ್ನ ಕಿವಿಯೇ ಕೂಗಿರಬಹುದು ಎಂದುಕೊಂಡೆ. ಹಾಗಾದರೆ ಮರಿಯಪ್ಪನವರು ಯಾಕೆ ಓಡಿದರು? ಅವರು ಓಡಿದ್ದನ್ನು ನೋಡಿ ನಾನು ಬೆಲ್ಲನ್ನು ಕಲ್ಪಿಸಿಕೊಂಡೆನೇ, ನಾನು ತಲೆ ಎತ್ತಿದ್ದನ್ನು ನೋಡಿ ಅವರು ಓಡಿದರೇ? ಈ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು, ಎರಡು ಕಡೆಯ ವಾದಗಳನ್ನೂ ಪಟ್ಟಿ ಮಾಡಿ ನೋಡಿದ್ದೇನೆ. ಅಡಿಯಲ್ಲಿ ಬರೆಯಬೇಕಾದ ತೀರ್ಮಾನದ ಜಾಗ ಇಂದಿಗೂ ಖಾಲಿ ಇದೆ.

ಒಂದು ವಾರ ಬಿಟ್ಟು ಮರಿಯಪ್ಪನವರ ಮನೆಗೆ ಹೋದೆ. ಅವರು ಹೇಳಿದ್ದನ್ನೆಲ್ಲ ಒಂದು ಹೇಳಿಕೆಯ ರೂಪದಲ್ಲಿ ಬರೆದುಕೊಂಡು ಹೋಗಿದ್ದೆ. ಕೆಳಗೆ ಅವರ ಹೆಬ್ಬೆಟ್ಟು ಬಿದ್ದರೆ ಸಾಕಾಗಿತ್ತು. ಅವರು ಕಾಫಿ ಕೊಡಿಸಿದರು. ಹೇಳಿಕೆಯನ್ನು ಪೂರ್ತಿ ಓದಿಸಿ ಕೇಳಿದರು.

"ಎಲ್ಲಾ ನಿಜವೇ ಕಣಪ್ಪ" ಎಂದರು. "ಆದ್ರೆ ನನ್ ಮೊಮ್ಮಗ ಗಿರೀಶ್ ಅವ್ರ ಆಫೀಸಲ್ಲೇ ಡ್ರೈವರ್ರು. ಹೋದ್ ತಿಂಗ್ಳು ಪರ್ಮನೆಂಟ್ ಆಗಿದೆ. ನಾನ್ ಹೆಬ್ಬೆಟ್ ಒತ್ತಿದ್ರೆ ನಾಳೆ ಅವನು ಮನೇಲಿ ಕೂತ್ಕೋತಾನೆ."

ನಾಲ್ಕು ದಶಕಗಳಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ನನ್ನ ಬಾಯಿಗೆ ಬಂತು. ಹೊಟ್ಟೆಪಾಡಿಗೆ ಒಬ್ಬ ನಿರಪರಾಧಿಯ ಮೇಲೆ ತಪ್ಪು ಹೊರಿಸಿದೆ, ಈಗ ಮತ್ತೆ ಅದನ್ನೇ ಮಾಡುತ್ತಿದ್ದೀಯೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮುಂದೆ ಆ ದುಂಡಗಿನ ಅಕ್ಷರಗಳು ನಿಂತವು. ಅವರು ಮೊಮ್ಮಗನ ಕೆಲಸಕ್ಕಾಗಿ ಸುಮ್ಮನಿದ್ದರು. ನಾನು ನನ್ನ ಕೆಲಸಕ್ಕಾಗಿ ಬರೆದಿದ್ದೆ, ಅಕ್ಷರ ಚೆನ್ನಾಗಿ ಬರಲಿಲ್ಲವೆಂದು ಮೂರು ಸಲ ಹಾಳೆ ಬದಲಾಯಿಸಿದ್ದೆ. ಕಾಗದವನ್ನು ಮಡಿಸಿಕೊಂಡು ಎದ್ದು ಬಂದೆ.

ಸ್ಮರಣಿಕೆ ಅಚ್ಚಾಯಿತು. ಚರಿತ್ರೆಯನ್ನು ಬೇರೆ ಯಾರೋ ಬರೆದರು. ಅದರ ಹನ್ನೆರಡನೆಯ ಪುಟದಲ್ಲಿ ಆ ಪತ್ರ ಇಡೀ ಪುಟ ತುಂಬಿಕೊಂಡು ಬಂದಿದೆ. ಕೆಳಗೆ, 'ಅಂದಿನ ಆಪರೇಟರರ ಪ್ರಾಮಾಣಿಕ ತಪ್ಪೊಪ್ಪಿಗೆ' ಎಂದು ಹಾಕಿದ್ದಾರೆ. ಈಗ ಆ ಜಾಗದಲ್ಲಿ ಹದಿನಾಲ್ಕು ಅಂತಸ್ತು ಎದ್ದಿದೆ. ಬೆಲ್ಲು ಕಟ್ಟಡದ ಅವಶೇಷದ ಜೊತೆ ಯಾವ ಲಾರಿಯಲ್ಲಿ ಯಾವ ಕಡೆಗೆ ಹೋಯಿತೋ ತಿಳಿಯದು. ಕಳೆದ ವರ್ಷ ಮರಿಯಪ್ಪನವರು ತೀರಿಕೊಂಡರು. ಅವರ ಮೊಮ್ಮಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾರೆಂದು ಖಚಿತಪಡಿಸಿಕೊಂಡೇ ಇದನ್ನು ಬರೆಯಲು ಕುಳಿತೆ. ಬಾಪೂಜಿ ನಗರದ ಆ ಗೃಹಿಣಿಯ ಮನೆಯವರು ಎಲ್ಲಿದ್ದಾರೋ ವಿಚಾರಿಸಿದೆ, ಪತ್ತೆಯಾಗಲಿಲ್ಲ. ಇದನ್ನು ಓದಬೇಕಾದವರು ಮೊದಲಿಗೆ ಅವರು.

ಆದುದರಿಂದ ಈ ಕೆಳಗಿನದನ್ನು ಸಂಬಂಧಪಟ್ಟ ಎಲ್ಲರ ಅವಗಾಹನೆಗೆ ತರುತ್ತಿದ್ದೇನೆ. ಸದರಿ ತಪ್ಪೊಪ್ಪಿಗೆ ಪತ್ರದ ಒಕ್ಕಣೆ ನನ್ನದು, ಅಕ್ಷರ ನನ್ನದು, ಸುಳ್ಳೂ ನನ್ನದು. ಅದರ ಪ್ರತಿಯೊಂದು ವಾಕ್ಯವನ್ನೂ ಈ ಮೂಲಕ ಹಿಂಪಡೆದಿದ್ದೇನೆ. ನನ್ನ ತಂದೆ ನಂಜುಂಡಯ್ಯನವರು ಆ ಶುಕ್ರವಾರ ಮಧ್ಯಾಹ್ನ ತಮ್ಮ ಸ್ಥಳ ಬಿಟ್ಟು ಕದಲಿರಲಿಲ್ಲ. ಮೂರು ಸಲ ಬೆಲ್ ಬಾರಿಸಿದ್ದರು. ಬಿಟ್ಟುಹೋಗಿದೆ ಎಂದು ಅವರು ಹೇಳಿದ್ದ ಆ ಒಂದು ಸಾಲನ್ನು ಇಷ್ಟು ತಡವಾಗಿ ಸೇರಿಸುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ, ವೈರಿಲ್ಲದ, ಸೆಲ್ಲಿಲ್ಲದ, ಮಣ್ಣು ಮೆತ್ತಿದ ಆ ಬೆಲ್ಲನ್ನು ಯಾರು ಬಾರಿಸಿದರು, ಅದು ಗಿರೀಶ್ ಅವರಿಗೆ ಯಾಕೆ ಕೇಳಿಸಲಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ದೆವ್ವವೆಂದು ಬರೆಯಲು ಈಗಲೂ ನನ್ನ ಕೈ ಒಪ್ಪುವುದಿಲ್ಲ. ಮೂರನೆಯದು ಅರ್ಧಕ್ಕೇ ನಿಂತಿತು. ಅಷ್ಟು ಮಾತ್ರ ನನಗೆ ಗೊತ್ತು.